ತಟ್ಟೆಗೂ ಮುಪ್ಪುಂಟು

ಸೋಮವಾರಪೇಟೆಯ ಸೀಮೆಯಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿತೆಂದರೆ ಮನೆಮನೆಯಲ್ಲಿಯೂ ಒಂದು ಬಗೆಯ ಅವಸರ ತೋರುತ್ತದೆ. ಒಡೆದ ಹೆಂಚನ್ನು ಬದಲಿಸಬೇಕು. ಸೌದೆಯನ್ನು ಕೊಟ್ಟಿಗೆಗೆ ಸೇರಿಸಬೇಕು. ತೋಟದ ಚರಂಡಿಯ ಹೂಳನ್ನು ತೆಗೆಯಿಸಬೇಕು. ಬೇಳೆ, ಬೆಲ್ಲ, ಒಣಮೆಣಸಿನಕಾಯಿಗಳು ಬಿಗಿಮುಚ್ಚಳದ ಡಬ್ಬಗಳನ್ನು ಸೇರಬೇಕು. ಪುಷ್ಪಗಿರಿಯ ನೆತ್ತಿಯ ಮೇಲೆ ಮೋಡ ಒಮ್ಮೆ ಬೀಡುಬಿಟ್ಟಿತೆಂದರೆ ಮುಂದೆ ಮೂರು ತಿಂಗಳ ಕಾಲ ಬಿಸಿಲಿನ ಮುಖ ಕಾಣುವುದು ಅಪೂರ್ವ. ಗೋಡೆಗೆ ಪಾಚಿ, ಚಪ್ಪಲಿಗೆ ಬೂಷ್ಟು, ಉಪ್ಪಿನ ಭರಣಿಯಲ್ಲಿ ನೀರು. ಆದಕಾರಣ ವಸ್ತುಗಳನ್ನು ಕಾಪಾಡುವ ವಿದ್ಯೆಯನ್ನು ಈ ಊರಿನ ಗೃಹಸ್ಥರಿಗೆ ಹೊರಗಿನವರು ಬಂದು ಕಲಿಸಬೇಕಾದುದಿಲ್ಲ.

ಆದರೂ ಅವರ ಪಟ್ಟಿಗೆ ಸೇರದೆ ಉಳಿಯುವ ವಸ್ತುವೊಂದುಂಟು. ಅದು ನಡುಮನೆಯ ಟಿ.ವಿ.ಯ ಹಿಂದೆಯೋ, ವೈ-ಫೈ ರೂಟರಿನ ಪಕ್ಕದಲ್ಲಿಯೋ ಕುಳಿತಿರುವ ಒಂದು ಕಪ್ಪು ಪೆಟ್ಟಿಗೆ. ಮನೆಯವರ ಮೊಬೈಲುಗಳು, ಮಗಳ ಲ್ಯಾಪ್‌ಟಾಪು, ಮಗನ ಕಂಪ್ಯೂಟರು ಎಲ್ಲವೂ ತಂತಮ್ಮ ಚಿತ್ರ, ಪತ್ರ, ಲೆಕ್ಕಗಳನ್ನು ತಂದು ಈ ಪೆಟ್ಟಿಗೆಗೆ ಒಪ್ಪಿಸುತ್ತವೆ. ತಿಳಿದವರು ಇದನ್ನು 'ನ್ಯಾಸ್' ಎನ್ನುತ್ತಾರೆ. ತಾತನ ಕಾಲದ ಕಬ್ಬಿಣದ ಟ್ರಂಕು, ಅಜ್ಜಿಯ ಕಾಲದ ಗಾಡ್ರೇಜ್ ಬೀರು, ತಂದೆಯ ಕಾಲದ ಫೋಟೋ ಆಲ್ಬಮ್ಮು, ಈ ಮೂರರ ಕೆಲಸವನ್ನೂ ಈಗ ಅದೊಂದೇ ಹೊತ್ತಿದೆ. ಟ್ರಂಕಿನಂತೆ ಅದೂ ಮೊಮ್ಮಕ್ಕಳ ಕಾಲದವರೆಗೆ ಬಾಳೀತೆಂಬುದು ಮನೆಯವರ ಭಾವನೆ. ವಾಸ್ತವವಾಗಿ ಅದರ ಆಯುಷ್ಯ ಮನೆಯ ಕೊಟ್ಟಿಗೆಯಲ್ಲಿರುವ ಹಸುವಿನ ಆಯುಷ್ಯಕ್ಕಿಂತಲೂ ಕಡಿಮೆ.

ಒಳಗೆ ತಿರುಗುವುದೇನು?

ಪೆಟ್ಟಿಗೆಯ ಒಳಗಿರುವುದು ಹಾರ್ಡ್ ಡಿಸ್ಕ್; ಎಂದರೆ ಕಾಂತದ ಲೇಪವಿರುವ ತಟ್ಟೆಗಳ ಒಂದು ಅಡುಕು. ಇದರ ಮೂಲಪುರುಷ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ. 24 ಅಂಗುಲ ಅಗಲದ 50 ತಟ್ಟೆಗಳಿದ್ದ ಆ ಯಂತ್ರ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಸಾಲುವುದೇ ಕಷ್ಟ. ಈಗ ಅಂಗೈಯಗಲದ ಡಿಸ್ಕು ಅದರ ಲಕ್ಷಾಂತರ ಪಟ್ಟು ಹಿಡಿಸಬಲ್ಲುದು. ಆದರೆ ಕೆಲಸಮಾಡುವ ರೀತಿ ಮೂಲತಃ ಅದೇ. ತಟ್ಟೆ ತಿರುಗುತ್ತದೆ, 'ಹೆಡ್' ಎಂಬ ಸೂಕ್ಷ್ಮವಾದ ಅಂಗವೊಂದು ಅದರ ಮೇಲೆ ಸುಳಿದಾಡುತ್ತ ಬರೆಯುತ್ತದೆ, ಓದುತ್ತದೆ.

ಈ ಸುಳಿದಾಟದ ಸೂಕ್ಷ್ಮತೆ ಊಹೆಗೆ ನಿಲುಕದಂಥದು. ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕಿನ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ತೇಲುವ ಹೆಡ್ಡಿಗೂ ತಟ್ಟೆಗೂ ನಡುವಣ ಅಂತರ ಮನುಷ್ಯನ ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣದು. ಸೌದೆಯೊಲೆಯ ಹೊಗೆಯ ಒಂದು ಕಣ ಅಲ್ಲಿ ಹೊಕ್ಕರೆ, ಹೆದ್ದಾರಿಯಲ್ಲಿ ಓಡುವ ಕಾರಿಗೆ ಬೆಟ್ಟವೇ ಅಡ್ಡ ಬಂದಂತೆ. ಆದುದರಿಂದಲೇ ಡಿಸ್ಕಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು. ಕೆಟ್ಟ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಬದುಕುತ್ತದೆಂಬ ಗಾಳಿಮಾತನ್ನೂ ನಂಬಬಾರದು. ತಂಪಾದ ಲೋಹದ ಮೇಲೆ ನೀರು ಹನಿಗಟ್ಟಿ ಉಳಿದಿದ್ದ ಆಸೆಯೂ ಹಾಳಾಗುತ್ತದೆ.

ಹಗಲಿರುಳು ತಿರುಗುವ ಯಂತ್ರಕ್ಕೆ ಮುಪ್ಪು ಸಹಜ. ಮೋಟಾರು ಸವೆಯುತ್ತದೆ, ಹೆಡ್ಡು ದುರ್ಬಲವಾಗುತ್ತದೆ, ತಟ್ಟೆಯ ಮೇಲೆ ಅಲ್ಲಲ್ಲಿ ಓದಲಾಗದ ಜಾಗಗಳು ಏಳುತ್ತವೆ. ತಯಾರಕರು ಕೊಡುವ ಖಾತರಿ ಸಾಮಾನ್ಯವಾಗಿ ಎರಡರಿಂದ ಐದು ವರ್ಷಗಳದು. ಡಿಸ್ಕಿನ ವಿವರಪತ್ರದಲ್ಲಿ 'ಹತ್ತು ಲಕ್ಷ ಗಂಟೆ' ಎಂಬ ಅಂಕಿಯನ್ನು ಕಂಡು ಅನೇಕರು ಮೋಸಹೋಗುತ್ತಾರೆ. ಹತ್ತು ಲಕ್ಷ ಗಂಟೆಯೆಂದರೆ 114 ವರ್ಷ! ಆದರೆ ಒಂದು ಡಿಸ್ಕು 114 ವರ್ಷ ಬಾಳುತ್ತದೆಂದು ಅದರ ಅರ್ಥವಲ್ಲ. ಹರೆಯದಲ್ಲಿರುವ 114 ಡಿಸ್ಕುಗಳನ್ನು ಒಟ್ಟಿಗೆ ಓಡಿಸಿದರೆ ವರ್ಷಕ್ಕೆ ಒಂದು ಸತ್ತೀತೆಂದು ಅರ್ಥ. ಆ ಒಂದು ಯಾರ ಮನೆಯದೆಂಬುದನ್ನು ವಿವರಪತ್ರ ಹೇಳುವುದಿಲ್ಲ.

ಮುನ್ಸೂಚನೆ ಇಲ್ಲವೇ ಎಂದರೆ, ಅರ್ಧ ಉಂಟು, ಅರ್ಧ ಇಲ್ಲ. ಪ್ರತಿ ಡಿಸ್ಕಿನಲ್ಲಿಯೂ 'ಸ್ಮಾರ್ಟ್' ಎಂಬ ದಿನಚರಿಯೊಂದಿರುತ್ತದೆ. ಎಷ್ಟು ಗಂಟೆ ದುಡಿದಿದೆ, ಎಷ್ಟು ಜಾಗ ಕೆಟ್ಟು ಬದಲಿ ಜಾಗವನ್ನು ಬಳಸಿಕೊಂಡಿದೆ, ಎಷ್ಟು ಜಾಗ ಓದಲು ಬಾರದೆ ಕಾದಿದೆ ಎಂಬುದನ್ನು ಡಿಸ್ಕು ತಾನೇ ಅಲ್ಲಿ ಬರೆದುಕೊಳ್ಳುತ್ತದೆ. ಈ ಕೊನೆಯ ಎರಡು ಅಂಕಿಗಳು ಸೊನ್ನೆಯಾಗಿರುವವರೆಗೆ ಕ್ಷೇಮ. ಏರತೊಡಗಿದರೆ ಡಿಸ್ಕಿಗೆ ವಿಶ್ರಾಂತಿ ಕೊಡುವ ಕಾಲ ಬಂದಿತೆಂದು ತಿಳಿಯಬೇಕು. ಗೂಗಲ್ ಸಂಸ್ಥೆಯ ತಂತ್ರಜ್ಞರು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಸಂಗತಿಗಳಿವೆ. ತಟ್ಟೆಯನ್ನು ತಡವಿ ನೋಡುವಾಗ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಥ ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಹೋಗಿದ್ದವು. ಸೂಚನೆ ಕಂಡರೆ ನಂಬಬೇಕು. ಕಾಣಲಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಮಲೆನಾಡಿನ ಮೂರು ಶತ್ರುಗಳು

ಬಯಲುಸೀಮೆಯ ಡಿಸ್ಕಿಗೆ ಇಲ್ಲದ ಕಷ್ಟಗಳು ಸೋಮವಾರಪೇಟೆಯ ಡಿಸ್ಕಿಗೆ ಉಂಟು. ಮೊದಲನೆಯದು ತೇವ. ಸಾಮಾನ್ಯ ಡಿಸ್ಕಿನ ಕವಚದಲ್ಲಿ ಗಾಳಿಯ ಒತ್ತಡವನ್ನು ಸರಿದೂಗಿಸಲು ಸೋಸುಬಟ್ಟೆಯುಳ್ಳ ಒಂದು ಸಣ್ಣ ರಂಧ್ರವಿರುತ್ತದೆ. ಧೂಳನ್ನು ಅದು ತಡೆಯುತ್ತದೆ, ತೇವವನ್ನು ಪೂರ್ತಿಯಾಗಿ ತಡೆಯಲಾರದು. ಸದಾ ಓಡುತ್ತಿರುವ ಡಿಸ್ಕು ತನ್ನ ಬಿಸಿಯಿಂದಲೇ ತಾನು ಒಣಗಿರುತ್ತದೆ. ಅಪಾಯ ಹೆಚ್ಚಿರುವುದು ಬೀರುವಿನ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಡಿಸ್ಕಿಗೆ. ಎರಡು ಮೂರು ಮಳೆಗಾಲ ಹಾಗೆಯೇ ಕಳೆದರೆ ಲೋಹದ ತುದಿಗಳಿಗೆ ಕಿಲುಬು ಹಿಡಿದು, ಬೇಕಾದ ದಿನ ಅದು ಮಾತನಾಡದು. ತೆಗೆದಿಡುವ ಡಿಸ್ಕನ್ನು ಬಿಗಿಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಟ್ಟು, ಮೂರು ತಿಂಗಳಿಗೊಮ್ಮೆ ಹೊರತೆಗೆದು ಓಡಿಸಿ ನೋಡಬೇಕು.

ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಶುರುವಾದೊಡನೆ ಟಿ.ವಿ.ಯ ತಂತಿಯನ್ನು ಕೀಳುವ ಗೃಹಿಣಿಯರು ರೂಟರನ್ನೂ ಈ ಪೆಟ್ಟಿಗೆಯನ್ನೂ ಮರೆಯುತ್ತಾರೆ. ಹೊರಗಿನಿಂದ ಬರುವ ಫೈಬರ್ ಗಾಜಿನದು. ಅದರ ಎಳೆಯ ಮೂಲಕ ಸಿಡಿಲು ಬರಲಾರದು. ಆದರೆ ರೂಟರಿಗೂ ಪೆಟ್ಟಿಗೆಗೂ ನಡುವಣ ತಂತಿ ತಾಮ್ರದ್ದು. ಗೋಡೆಯ ಪ್ಲಗ್ಗಿನಿಂದ ಬರುವ ತಂತಿಯೂ ತಾಮ್ರದ್ದು. ಗುಂಡಿ ಒತ್ತಿ ಆರಿಸಿದರೆ ಸಾಲದು, ಎರಡನ್ನೂ ಕಿತ್ತಿಡಬೇಕು.

ಮೂರನೆಯದು ಕರೆಂಟು. ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು, ಬಂದು ಕಣ್ಣುಮಿಟುಕಿಸಿ ಮತ್ತೆ ಹೋಗುವುದು ನಿತ್ಯದ ಮಾತು. ಬರೆಯುತ್ತಿರುವಾಗ ಕೈಯಿಂದ ಲೇಖನಿಯನ್ನು ಕಿತ್ತುಕೊಂಡರೆ ವಾಕ್ಯ ಅರ್ಧಕ್ಕೆ ನಿಲ್ಲುವಂತೆ, ಡಿಸ್ಕಿನ ಬರಹವೂ ಅರ್ಧಕ್ಕೆ ನಿಂತು ಕಡತ ಕೆಡುತ್ತದೆ. ಒಂದು ಸಣ್ಣ ಯು.ಪಿ.ಎಸ್. ಇಟ್ಟು, ಅದರಿಂದ ಪೆಟ್ಟಿಗೆಗೆ ಸೂಚನೆಯ ತಂತಿಯನ್ನು ಜೋಡಿಸಿದರೆ, ಕರೆಂಟು ಹೋದ ಕೆಲವು ನಿಮಿಷಗಳಲ್ಲಿ ಪೆಟ್ಟಿಗೆ ಕೆಲಸ ಮುಗಿಸಿ ತಾನಾಗಿಯೇ ಮಲಗುತ್ತದೆ.

ಎರಡಿದ್ದರೂ ಒಂದೇ

ಶಾಂತಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಫಿ ತೋಟದ ನಡುವೆ ಇರುವ ಒಂದು ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ 2014ರಲ್ಲಿ ಎರಡು ಡಿಸ್ಕುಗಳ ಪೆಟ್ಟಿಗೆಯೊಂದನ್ನು ತಂದು ಜೋಡಿಸಿ ಹೋದ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿಯೂ ಕನ್ನಡಿಯಲ್ಲಿ ಕಂಡಂತೆ ಮೂಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಇದ್ದೇ ಇದೆ ಎಂದು ತಂದೆಗೆ ತಿಳಿಯಹೇಳಿದ. ಆ ಪೆಟ್ಟಿಗೆಗೆ ಮದುವೆಯ ಚಿತ್ರಗಳು ಸೇರಿದವು. ಪಹಣಿ, ಕ್ರಯಪತ್ರಗಳ ಪಡಿಯಚ್ಚುಗಳು ಸೇರಿದವು. ಅನಂತರ ತೀರಿಕೊಂಡ ಮನೆಯೊಡತಿ ನೆಂಟರ ಮದುವೆಯಲ್ಲಿ ಹಾಡಿದ್ದ ಸೋಬಾನೆ ಪದದ ಧ್ವನಿ ಸೇರಿತು. ಎಲ್ಲಕ್ಕಿಂತ ಹೆಚ್ಚಾಗಿ ತೋಟದ ಮಳೆಯ ಲೆಕ್ಕ ಸೇರಿತು. ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪ್ರತಿದಿನ ಬರೆದಿಡುವುದು ವಾಡಿಕೆಯಷ್ಟೆ. ಈ ಮನೆಯಲ್ಲಿ 1961ರಿಂದ ಬರೆದ ಪುಸ್ತಕಗಳಿದ್ದವು. ಹೂಮಳೆ ಯಾವ ವರ್ಷ ಯಾವ ದಿನ ಬಿದ್ದಿತು, ಎಷ್ಟು ಬಿದ್ದಿತು ಎಂಬುದೆಲ್ಲ ಅದರಲ್ಲಿತ್ತು. ಮೊಮ್ಮಗಳು ಎರಡು ಬೇಸಗೆ ರಜೆಗಳಲ್ಲಿ ಕುಳಿತು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದಳು. ಅನಂತರ ಪುಸ್ತಕಗಳು ಅಟ್ಟದ ಟ್ರಂಕನ್ನು ಸೇರಿದವು.

ಪೆಟ್ಟಿಗೆಯ ಮೇಲೆ ಧೂಳು ಕೂರಬಾರದೆಂದು ಸೊಸೆ ಕ್ರೋಶಾ ಹೆಣಿಗೆಯ ಹೊದಿಕೆಯೊಂದನ್ನು ಹೊದಿಸಿದಳು. ಚೆಲುವಾದ ಹೊದಿಕೆ, ಆದರೆ ಗಾಳಿಯ ಕಂಡಿಯೂ ಮುಚ್ಚಿತು, ದೀಪವೂ ಮುಚ್ಚಿತು. 2023ರ ಮಳೆಗಾಲದಲ್ಲಿ ರಜೆಗೆ ಬಂದ ಮೊಮ್ಮಗಳು ಒಂದು ದಿನ ಕರೆದಳು.

“ಅಜ್ಜಾ, ಈ ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎಂದು ಸದ್ದಾಗುತ್ತಿದೆ, ಬಂದು ಕೇಳಿ.”

“ಗಡಿಯಾರದ ಹಾಗೆಯೇ ಮಗು? ಹಾಗಾದರೆ ಚಿಂತೆಯಿಲ್ಲ. ಗಡಿಯಾರ ಟಿಕ್ ಎನ್ನದಿದ್ದಾಗ ತಾನೆ ಚಿಂತೆ!”

ಹೊದಿಕೆಯನ್ನು ಸರಿಸಿ ನೋಡಿದರೆ ಕೆಂಪು ದೀಪ. ಒಂದು ಡಿಸ್ಕು ಯಾವಾಗಲೋ ಸತ್ತಿತ್ತು. ಉಳಿದದ್ದು ಒಂಟಿಯಾಗಿ ದುಡಿಯುತ್ತ ಈಗ ನರಳುತ್ತಿತ್ತು. ಮಗ ಹೊಸ ಡಿಸ್ಕನ್ನು ತಂದು ಹಾಕಿದ. ಹೊಸದಕ್ಕೆ ಎಲ್ಲವನ್ನೂ ಬರೆಯಲು ಹಳೆಯದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಬೇಕು. ಒಂಬತ್ತು ವರ್ಷ ದುಡಿದ ಡಿಸ್ಕಿಗೆ ಅದೇ ಕೊನೆಯ ಏರು. ಅರ್ಧದಾರಿಯಲ್ಲಿ ಅದು ನಿಂತಿತು.

ಈ ಮನೆ ಕಲ್ಪಿತವಾದರೂ ಇದರಲ್ಲಿ ನಡೆದ ಯಾವುದೂ ಅಸಂಭವವಲ್ಲ. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ, ಒಂದೇ ಕಾರ್ಖಾನೆಯಿಂದ ಒಟ್ಟಿಗೆ ಹೊರಟ, ಒಂದೇ ಬಿಸಿ, ಒಂದೇ ತೇವ ಉಂಡ ಎರಡು ಡಿಸ್ಕುಗಳಿಗೆ ಮುಪ್ಪೂ ಒಟ್ಟಿಗೇ ಬರುವುದು ನ್ಯಾಯವೇ ಸರಿ. ಹಲವು ಡಿಸ್ಕುಗಳನ್ನು ಜೊತೆಗೂಡಿಸುವ ಈ ಏರ್ಪಾಡಿಗೆ 'ರೇಡ್' ಎಂದು ಹೆಸರು. ಕ್ಯಾಲಿಫೋರ್ನಿಯದ ಬರ್ಕ್ಲಿಯ ಮೂವರು ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಸಿದ್ಧವಾಯಿತು. ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರಲೆಂಬುದು ಅದರ ಪ್ರಯೋಜನ. ಆದರೆ ಕನ್ನಡಿ ಒಳ್ಳೆಯದನ್ನೂ ಕೆಟ್ಟದನ್ನೂ ಸಮನಾಗಿ ತೋರಿಸುತ್ತದೆ. ಮಗು ತಪ್ಪಿ ಅಳಿಸಿದ ಚಿತ್ರ ಎರಡರಲ್ಲಿಯೂ ಅಳಿಯುತ್ತದೆ. ದುಷ್ಟರು ಕಡತಗಳಿಗೆ ಬೀಗಹಾಕಿ ಹಣ ಕೇಳಿದರೆ ಎರಡಕ್ಕೂ ಬೀಗ ಬೀಳುತ್ತದೆ. ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ ಎರಡೂ ಹೋಗುತ್ತವೆ.

ಪೆಟ್ಟಿಗೆಯ ಯಂತ್ರಭಾಗಕ್ಕೆ ಮಾತ್ರವಲ್ಲ, ಅದನ್ನು ನಡೆಸುವ ಸಾಫ್ಟ್‌ವೇರಿಗೂ ಮುಪ್ಪುಂಟು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ 'ಮೈ ಬುಕ್ ಲೈವ್' ಎಂಬ ಮನೆಬಳಕೆಯ ಪೆಟ್ಟಿಗೆಗೆ ಸುಧಾರಣೆಗಳನ್ನು ಒದಗಿಸುವುದು 2015ರಲ್ಲಿ ನಿಂತಿತ್ತು. ಡಿಸ್ಕು ತಿರುಗುತ್ತಿದೆಯಲ್ಲ ಎಂದು ಜನ ಬಳಸುತ್ತಲೇ ಇದ್ದರು. 2021ರ ಜೂನ್ ತಿಂಗಳಲ್ಲಿ ಇಂಟರ್ನೆಟ್ಟಿನ ಮೂಲಕ ಬಂದ ದಾಳಿಯಿಂದ ಲೋಕದ ನಾನಾ ಕಡೆಗಳಲ್ಲಿ ಅಂಥ ಪೆಟ್ಟಿಗೆಗಳು ಖಾಲಿಯಾದವು. ಬೆಳಗ್ಗೆ ಎದ್ದು ನೋಡಿದವರಿಗೆ ವರ್ಷಗಳ ಸಂಗ್ರಹ ಮಾಯವಾಗಿತ್ತು. ತಯಾರಕರು ಕೈಬಿಟ್ಟ ಪೆಟ್ಟಿಗೆಯನ್ನು ಮನೆಯೊಳಗಿನ ಬಳಕೆಗೆ ಇಟ್ಟುಕೊಳ್ಳಬಹುದು. ಹೊರಗಿನ ಇಂಟರ್ನೆಟ್ಟಿಗೆ ಅದರ ಬಾಗಿಲನ್ನು ತೆರೆದಿಡಬಾರದು.

ಪ್ರತಿಕಾರನ ಧರ್ಮ

ಕಾಪಾಡುವುದೆಂದರೆ ಗಟ್ಟಿಯಾದ ಪೆಟ್ಟಿಗೆಯೊಳಗೆ ಹಾಕಿ ಬೀಗವಿಡುವುದೆಂಬ ಭಾವನೆ ಬಲವಾದುದು. ಆದರೆ ನಮ್ಮ ನಾಡಿನ ವಾಙ್ಮಯ ಉಳಿದುಬಂದ ರೀತಿಯನ್ನು ನೋಡಿದರೆ ಬೇರೆಯೇ ಪಾಠ ದೊರೆಯುತ್ತದೆ. ತಾಳೆಯೋಲೆ ದುರ್ಬಲವಾದ ವಸ್ತು. ನಿಂಬೆಹುಲ್ಲಿನ ಎಣ್ಣೆಯನ್ನು ಸವರಿ, ಕಾಡಿಗೆ ಬಳಿದು, ಕಟ್ಟಿ ಜೋಪಾನ ಮಾಡಿದರೂ ಕೆಲವು ನೂರು ವರ್ಷಗಳಲ್ಲಿ ಹುಡಿಯಾಗುತ್ತದೆ. ಮಳೆನಾಡಿನಲ್ಲಿ ಇನ್ನೂ ಬೇಗ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದಾಗ ಪಂಡಿತಲೋಕ ಬೆರಗಾಯಿತು. ಗ್ರಂಥ ಹಲವು ಶತಮಾನಗಳಷ್ಟು ಹಳೆಯದು. ಅವರ ಕೈಯಲ್ಲಿದ್ದ ಓಲೆ ಅಷ್ಟು ಹಳೆಯದಲ್ಲ. ನಡುವೆ ಎಷ್ಟೋ ತಲೆಮಾರಿನ ಪ್ರತಿಕಾರರು, ಓಲೆ ಪೂರ್ತಿ ಹಾಳಾಗುವುದಕ್ಕೆ ಮೊದಲೇ, ಹೊಸ ಓಲೆಗೆ ಇಳಿಸುತ್ತ ಬಂದಿದ್ದರು. ಉಳಿಸಿದ್ದು ಓಲೆಯಲ್ಲ, ಇಳಿಸಿದ ಕೈ.

ಆ ಪ್ರತಿಕಾರರು ಕುರುಡಾಗಿ ಬರೆಯುತ್ತಿರಲಿಲ್ಲ. ಮೂವತ್ತೆರಡು ಅಕ್ಷರಗಳಿಗೆ ಒಂದು 'ಗ್ರಂಥ'ವೆಂದು ಎಣಿಸಿ ಒಟ್ಟು ಲೆಕ್ಕವನ್ನು ನಮೂದಿಸುವ ಪದ್ಧತಿಯಿತ್ತು. ಇಂದಿನ ಒಳ್ಳೆಯ ಪೆಟ್ಟಿಗೆಗಳು 'ಚೆಕ್‌ಸಮ್' ಎಂಬ ಹೆಸರಿನಲ್ಲಿ ಮಾಡುವುದು ಇದರ ಜಾತಿಯದೇ ಕೆಲಸ. ಪ್ರತಿಯೊಂದು ಕಡತಕ್ಕೂ ಒಂದು ಲೆಕ್ಕವನ್ನು ಕಟ್ಟಿ, ಆಗಾಗ ಓದಿ ತಾಳೆನೋಡಿ, ಸದ್ದಿಲ್ಲದೆ ಕೆಟ್ಟ ಅಕ್ಷರವನ್ನು ಹಿಡಿಯುತ್ತವೆ. ಪೆಟ್ಟಿಗೆಯಲ್ಲಿ ಈ ಸೌಕರ್ಯವಿದ್ದರೆ ತಿಂಗಳಿಗೊಮ್ಮೆ ನಡೆಯುವಂತೆ ಏರ್ಪಡಿಸಬೇಕು.

ಕೊಡಗಿನಲ್ಲಿಯೇ ಇದಕ್ಕೆ ಇನ್ನೊಂದು ನಿದರ್ಶನವಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು, 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಹೆಸರಿನಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಅವರ ವಂಶದವರೇ ಆದ ದಂಪತಿಗಳು ಅದನ್ನು ಇಂಗ್ಲಿಷಿಗೆ ಅನುವಾದಿಸಿ 2003ರಲ್ಲಿ ಹೊರತಂದರು. ಬಾಯಿಂದ ಕೈಗೆ, ಕೈಯಿಂದ ಅಚ್ಚಿಗೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತ ಹಾಡು ಬದುಕಿತು.

ಇದಕ್ಕೆ ವಿರುದ್ಧವಾದ ಕಥೆ ಇಂಗ್ಲೆಂಡಿನದು. ಅಲ್ಲಿ 1086ರಲ್ಲಿ ಚರ್ಮದ ಹಾಳೆಯ ಮೇಲೆ ಬರೆದ 'ಡೂಮ್ಸ್‌ಡೇ' ಎಂಬ ಭೂದಾಖಲೆಯ ಪುಸ್ತಕವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗೆ ಬಿ.ಬಿ.ಸಿ. ಸಂಸ್ಥೆ 1986ರಲ್ಲಿ ಜನಜೀವನದ ಚಿತ್ರ, ಬರಹಗಳನ್ನು ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನೈದು ಹದಿನಾರು ವರ್ಷ ಕಳೆಯುವುದರೊಳಗೆ ಆ ತಟ್ಟೆಯನ್ನು ಓದುವ ಯಂತ್ರವೇ ಅಪರೂಪವಾಗಿ, ವಿದ್ವಾಂಸರು ಬಹಳ ಶ್ರಮಪಟ್ಟು ಅದನ್ನು ಬೇರೆ ವಿಧದಲ್ಲಿ ಓದಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಪುಸ್ತಕವನ್ನಾದರೋ ಇಂದಿಗೂ ಕಣ್ಣಿನಿಂದಲೇ ಓದಬಹುದು.

ಮೂರು ಪ್ರತಿ, ಎರಡು ಬಗೆ, ಒಂದು ದೂರ

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಬಳಕೆಗೆ ತಂದ ಸುಲಭ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಪೆಟ್ಟಿಗೆಯಲ್ಲಿರುವುದು ಒಂದು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಜೋಡಿಸಿ ಪ್ರತಿಮಾಡಿಕೊಂಡು ಮತ್ತೆ ಕಳಚಿಡುವ ಬಿಡಿ ಡಿಸ್ಕು ಎರಡನೆಯದು. ಕಳಚಿಟ್ಟ ಡಿಸ್ಕಿಗೆ ಸಿಡಿಲೂ ತಗಲದು, ವೈರಸ್ಸೂ ತಗಲದು. ಮೂರನೆಯದು ಊರಾಚೆ: ಬೆಂಗಳೂರಿನ ಮಗನ ಮನೆಯಲ್ಲಿ, ಮೈಸೂರಿನ ಮಗಳ ಮನೆಯಲ್ಲಿ ಅಥವಾ ಬಾಡಿಗೆಯ ಕ್ಲೌಡಿನಲ್ಲಿ.

ಊರಾಚೆಯ ಪ್ರತಿ ಏಕೆಂಬುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳ ನಡುವೆ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಸುತ್ತಮುತ್ತ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆಗಳು ಮಣ್ಣಿನೊಡನೆ ಇಳಿದುಹೋದವು. ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಅಂಥ ಹೊತ್ತಿನಲ್ಲಿ ಒಂದೇ ಸೂರಿನ ಕೆಳಗಿರುವ ಹತ್ತು ಪ್ರತಿಗಳೂ ಒಂದೇ ಪ್ರತಿ. ತಲೆಮಾರುಗಳ ಪತ್ರ, ಚಿತ್ರಗಳು ಮಣ್ಣುಪಾಲಾದ ಮನೆಯವರಿಗೆ ದೂರದ ನೆಂಟರ ಬಳಿಯಿದ್ದ ಒಂದು ಹಳೆಯ ಚಿತ್ರ ಎಂಥ ಸಂಪತ್ತಾಗಿ ಕಾಣುತ್ತದೆಂಬುದನ್ನು ಯಾರಾದರೂ ಊಹಿಸಬಹುದು.

ಕ್ಲೌಡನ್ನು ನೆಚ್ಚುವವರೂ ಕಣ್ಣು ತೆರೆದಿರಬೇಕು. ಗೂಗಲ್ ಫೋಟೋಸಿನಲ್ಲಿ ಬೆಲೆಯಿಲ್ಲದೆ ಮಿತಿಯಿಲ್ಲದೆ ಚಿತ್ರವಿಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ನಿಯಮವನ್ನು ಆ ಸಂಸ್ಥೆ 2023ರಲ್ಲಿ ಜಾರಿಗೆ ತಂದಿತು. ತೀರಿಕೊಂಡ ಹಿರಿಯರ ಖಾತೆಯಲ್ಲಿ ಅವರ ಪತ್ರ, ಚಿತ್ರಗಳಿದ್ದರೆ ಇದು ಮರೆಯುವ ಮಾತಲ್ಲ. ಕ್ಲೌಡ್ ಎಂಬುದೂ ಬೇರೆಯವರ ಮನೆಯ ಡಿಸ್ಕೇ. ಮೂರರಲ್ಲಿ ಒಂದಾಗಿ ಅದು ಉತ್ತಮ, ಮೂರಕ್ಕೂ ಬದಲಾಗಿ ಅಲ್ಲ.

ಪ್ರತಿಯಿದ್ದರೆ ಸಾಲದು, ಅದನ್ನು ತೆರೆದು ನೋಡಬೇಕು. ಆರು ತಿಂಗಳಿಗೊಮ್ಮೆ ಬಿಡಿ ಡಿಸ್ಕಿನಿಂದ ನಾಲ್ಕು ಚಿತ್ರ, ಎರಡು ಪತ್ರಗಳನ್ನು ತೆರೆದು ಪರೀಕ್ಷಿಸುವುದಕ್ಕೆ ಹತ್ತು ನಿಮಿಷ ಸಾಕು. ಡಿಸ್ಕಿನ ಮೈಮೇಲೆ ಕೊಂಡ ತಿಂಗಳನ್ನೂ ವರ್ಷವನ್ನೂ ಬರೆದ ಚೀಟಿ ಅಂಟಿಸಿರಬೇಕು. ಐದು ವರ್ಷ ತುಂಬಿದ ಡಿಸ್ಕು ಎಷ್ಟೇ ಆರೋಗ್ಯವಾಗಿ ಕಂಡರೂ ಅದನ್ನು ಮುಖ್ಯ ಕೆಲಸದಿಂದ ಬಿಡುಗಡೆ ಮಾಡಿ, ಹೆಚ್ಚುವರಿ ಪ್ರತಿಯನ್ನಿಡುವ ಹಗುರ ಕೆಲಸಕ್ಕೆ ಹಾಕಬಹುದು. ಎರಡು ಡಿಸ್ಕು ಬೇಕಾದಾಗ ಒಂದನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಕೊಂಡರೆ ಎರಡಕ್ಕೂ ಒಟ್ಟಿಗೆ ಮುಪ್ಪು ಬಾರದು. ನಾಲ್ಕು ಟಿ.ಬಿ. ತುಂಬಿದ ಡಿಸ್ಕನ್ನು ಒಳ್ಳೆಯ ತಂತಿಯ ಜಾಲದಲ್ಲಿ ಪ್ರತಿಮಾಡಲು ಹತ್ತು ಗಂಟೆಯಾದರೂ ಬೇಕು. ವೈ-ಫೈಯಲ್ಲಿ ದಿನಗಳೇ ಹಿಡಿದಾವು. ಈ ಕೆಲಸಕ್ಕೆ ಮಳೆಗಾಲವನ್ನು ಕಾಯದೆ ಚಳಿಗಾಲದ ಒಣದಿನಗಳನ್ನು ಆರಿಸಿಕೊಳ್ಳುವುದು ಜಾಣತನ.

ಸತ್ತ ಡಿಸ್ಕನ್ನು ಗುಜರಿಯವರಿಗೆ ಹಾಗೆಯೇ ಕೊಡಬಾರದು. ಅದು ಮನೆಯವರಿಗೆ ಓದಲು ಬಾರದಿದ್ದರೂ ಕುಶಲಿಗಳಿಗೆ ಬಂದೀತು. ಓಡುವಂತಿದ್ದರೆ ಪೂರ್ತಿ ಅಳಿಸಿ, ಓಡದಿದ್ದರೆ ತಟ್ಟೆಗೆ ರಂಧ್ರ ಕೊರೆಯಿಸಿ, ಆಮೇಲೆ ಇ-ತ್ಯಾಜ್ಯವನ್ನು ಪಡೆಯುವವರಿಗೆ ಒಪ್ಪಿಸಬೇಕು.

ಎಲ್ಲವನ್ನೂ ಉಳಿಸಬೇಕೆಂಬ ಹಟವೂ ಸಲ್ಲದು. ಒಂದೇ ಹೂವಿನ ನಲವತ್ತು ಚಿತ್ರಗಳೂ ವಾಟ್ಸ್ಆ್ಯಪಿನಲ್ಲಿ ಬಂದ ಶುಭಾಶಯಗಳೂ ತುಂಬಿದ ಡಿಸ್ಕಿನಲ್ಲಿ ಬೇಕಾದುದು ಹೂತುಹೋಗುತ್ತದೆ. ವರ್ಷಕ್ಕೊಮ್ಮೆ ಮನೆಯವರು ಕುಳಿತು ನೂರು ಚಿತ್ರಗಳನ್ನು ಆರಿಸಿ, ಅದರಲ್ಲಿ ಇಪ್ಪತ್ತನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂದೆ ಯಾರು, ಎಲ್ಲಿ, ಯಾವಾಗ ಎಂದು ಬರೆದಿಟ್ಟರೆ ಕರೆಂಟಿಲ್ಲದ ರಾತ್ರಿಯಲ್ಲಿಯೂ ಅವನ್ನು ನೋಡಬಹುದು.

ಶಾಂತಳ್ಳಿಯ ರಸ್ತೆಯ ಆ ಮನೆಯ ಕಥೆ ಹೀಗೆ ಮುಗಿಯಿತೆನ್ನಬಹುದು. ಸತ್ತ ಡಿಸ್ಕು ಬೆಂಗಳೂರಿನ ಧೂಳಿಲ್ಲದ ಕೋಣೆಯ ತಜ್ಞರ ಬಳಿಗೆ ಹೋಗಿ, ದುಬಾರಿ ಬಿಲ್ಲಿನೊಡನೆ ಬರಿಗೈಯಲ್ಲಿ ಮರಳಿತು. ಆರು ವರ್ಷದ ಚಿತ್ರಗಳು ಹೋದವು. ಸೋಬಾನೆಯ ಧ್ವನಿ ಮಾತ್ರ ಯಜಮಾನರ ತಂಗಿಯ ಮೊಬೈಲಿನಲ್ಲಿ ಸಿಕ್ಕಿತು. ಎಂದೋ ಕಳುಹಿಸಿದ್ದುದನ್ನು ಆಕೆ ಅಳಿಸದೆ ಇಟ್ಟುಕೊಂಡಿದ್ದರು. ಮಳೆಯ ಲೆಕ್ಕಕ್ಕಾಗಿ ಅಟ್ಟದ ಟ್ರಂಕನ್ನು ಇಳಿಸಿದರೆ ಕೆಲವು ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. 1982, 1983ರ ಪುಟಗಳು ಜಾಳುಜಾಳಾಗಿದ್ದವು. ಆ ಎರಡು ವರ್ಷಗಳ ಅಂಕಿಗಳು ಕಾಗದದಲ್ಲಿಯೂ ಇಲ್ಲ, ಡಿಸ್ಕಿನಲ್ಲಿಯೂ ಇಲ್ಲ. ಮೂರನೆಯ ಪ್ರತಿಯೊಂದು ಎಲ್ಲಾದರೂ ಇದ್ದಿದ್ದರೆ ಅರುವತ್ತು ವರ್ಷದ ಮಳೆ ಒಂದು ಹನಿಯೂ ಚೆಲ್ಲದೆ ಉಳಿಯುತ್ತಿತ್ತು.

ಇನ್ನೊಂದು ಮಾತು ಉಳಿದಿದೆ. ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು. ಪೆಟ್ಟಿಗೆಯ ಪಾಸ್‌ವರ್ಡು ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿದ್ದರೆ, ಅವನಿಗೆ ಏನಾದರೂ ಆದ ದಿನ ಮೂರು ಪ್ರತಿಗಳೂ ಒಟ್ಟಿಗೆ ಬೀಗಹಾಕಿಕೊಳ್ಳುತ್ತವೆ. ತಿಜೋರಿಯ ಬೀಗದ ಕೈ ಎಲ್ಲಿದೆಯೆಂದು ಹಿರಿಯರು ಒಬ್ಬರ ಕಿವಿಯಲ್ಲಾದರೂ ಹೇಳಿ ಹೋಗುತ್ತಿದ್ದರು. ಅದೇ ರೀತಿ ಯಾವ ಪ್ರತಿ ಎಲ್ಲಿದೆ, ತೆರೆಯುವುದು ಹೇಗೆ, ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಸ್ವಚ್ಛವಾಗಿ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಪತ್ರಗಳೊಡನೆ ಬೀರುವಿನಲ್ಲಿ ಸೇರಿಸಿ, ಪತ್ನಿಗೂ ಮಕ್ಕಳಲ್ಲಿ ಒಬ್ಬರಿಗೂ ತೋರಿಸಿಡಬೇಕು. ಆ ಹಾಳೆಗೆ ಕರೆಂಟು ಬೇಡ, ಪಾಸ್‌ವರ್ಡು ಬೇಡ. ವರ್ಷಕ್ಕೊಮ್ಮೆ ತೆಗೆದು ತಿದ್ದಿ ಬರೆಯುವವರೊಬ್ಬರು ಮನೆಯಲ್ಲಿದ್ದರೆ ಸಾಕು.